ತೊಲೆಯ ಕೊನೆಯ ಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಕೈಯಲ್ಲಿರುವ ಈ ಕಡ್ಡಿ ನೋಡಿ, ಪೆನ್ಸಿಲ್‌ನಷ್ಟು ದಪ್ಪ. ಹಳೇ ಓಕ್ ತೊಲೆಗೆ ಟೊಳ್ಳು ಡ್ರಿಲ್ ಹಾಕಿ, ತೊಗಟೆ ಕಡೆಯಿಂದ ತಿರುಳಿನ ಕಡೆಗೆ ಕೊರೆದು ತೆಗೆದದ್ದು. ನುಣ್ಣಗೆ ಉಜ್ಜಿದ ಮೇಲೆ ಗೆರೆಗಳು ಎದ್ದು ಕಾಣುತ್ತವೆ. ಒಂದು ಗೆರೆ ಅಂದರೆ ಒಂದು ವರ್ಷ. ಮರಕ್ಕೆ ಒಗ್ಗಿದ ವರ್ಷದ್ದು ಅಗಲ, ಬರಗಾಲದ್ದು ಕೂದಲೆಳೆಯಷ್ಟು.

ಸುಮ್ನೆ ಎಣಿಸಿದರೆ ವಯಸ್ಸು ಸಿಗುತ್ತದೆ, ಇಸವಿ ಸಿಗುವುದಿಲ್ಲ. ಅಗಲ, ಸಣ್ಣ ಗೆರೆಗಳ ಈ ಸಾಲನ್ನು ಇಸವಿ ಗೊತ್ತಿರುವ ಮರಗಳ ಸಾಲಿನ ಜೊತೆ ಹೊಂದಿಸಬೇಕು. ಇದಕ್ಕೆ ದಾರಿ ಹಾಕಿಕೊಟ್ಟವರು ಎ. ಇ. ಡಗ್ಲಸ್. ಅವರು ಖಗೋಳ ವಿಜ್ಞಾನಿ; ಸೂರ್ಯನ ಕಲೆಗಳ ಏರಿಳಿತದ ಗುರುತು ಮರಗಳಲ್ಲಿದೆಯಾ ಎಂದು ಹುಡುಕುತ್ತಿದ್ದರು. ಬದುಕಿರುವ ಮರಗಳಿಂದ ಹಿಂದಕ್ಕೆ ಹೋಗುವ ಒಂದು ಸಾಲು ಅವರ ಬಳಿ ಇತ್ತು. ಅಮೆರಿಕದ ಮೂಲನಿವಾಸಿಗಳು ಕಟ್ಟಿದ್ದ ಪ್ಯೂಬ್ಲೋ ಬೊನಿಟೊದಂಥ ಪಾಳು ಕಟ್ಟಡಗಳ ತೊಲೆಗಳಿಂದ ಸಿಕ್ಕ ಇನ್ನೊಂದು ಸಾಲಿಗೆ ಇಸವಿಯೇ ಇರಲಿಲ್ಲ. 1929ರ ಜೂನ್‌ನಲ್ಲಿ ಅರಿಜೋನಾದ ಶೋ ಲೋ ಊರಲ್ಲಿ ಸುಟ್ಟು ಕರಕಲಾದ ಒಂದು ತೊಲೆ ಸಿಕ್ಕಿತು. ಒಳಗಿನ ಗೆರೆ 1237ರದ್ದು, ಹೊರಗಿನದು 1380ರದ್ದು. ಎರಡೂ ಸಾಲು ಅಲ್ಲಿ ಕೂಡಿಕೊಂಡವು, ಪಾಳು ಬಿದ್ದ ಎಷ್ಟೋ ಊರುಗಳಿಗೆ ಇಸವಿ ಬಂತು.

ಆದರೆ ಗೆರೆ ಹೇಳುವುದು ಮರ ಕಡಿದ ಇಸವಿ. ಮನೆ ಕಟ್ಟಿದ್ದು ಯಾವಾಗ ಅಂತ ನಾವು ಅದರಿಂದ ಊಹಿಸಬೇಕು. ಒಣಗಿದ ಓಕ್ ಕೆತ್ತುವುದು ಬಹಳ ಕಷ್ಟ. ಅದಕ್ಕೇ ಬಡಗಿಗಳು ಹಸಿ ಇದ್ದಾಗಲೇ ಕೆತ್ತಿ ಏರಿಸುತ್ತಿದ್ದರು. ಹಾಗಾಗಿ ಸಾಮಾನ್ಯವಾಗಿ ಜಾಸ್ತಿ ಅಂತರ ಇರುವುದಿಲ್ಲ. ತೊಲೆಯಲ್ಲಿ ಏನೂ ಕೂಡದ ಖಾಲಿ ಗೂಟದ ತೂತು ಕಂಡರೆ ಮಾತ್ರ ಹುಷಾರು. ಬೇರೆ ಮನೆ ಕೆಡವಿ ತಂದ ಮರ ಇರಬಹುದು, ಅಲ್ವಾ?

ನನ್ನ ಸಂಕಟವೆಲ್ಲ ಹೊರ ಅಂಚಿನದ್ದು. ತೊಗಟೆಯ ಕೆಳಗಿನ ಕೊನೆಯ ಗೆರೆ ಉಳಿದಿದ್ದರೆ ಕಡಿದ ವರ್ಷ ಸಿಗುತ್ತದೆ. ಎಷ್ಟೋ ಸಲ ಚಳಿಗಾಲವೋ ವಸಂತವೋ ಅನ್ನುವುದೂ ತಿಳಿಯುತ್ತದೆ. ಅಂಚಿನ ತಿಳಿಬಣ್ಣದ ಮರ ಪೂರ್ತಿ ಹೋಗಿದ್ದರೆ 'ಇಂಥ ಇಸವಿಯ ನಂತರ ಯಾವಾಗಲೋ' ಅನ್ನಬಹುದು, ಅಷ್ಟೇ. ಒಮ್ಮೆ ದುರಸ್ತಿ ನಡೆಯುತ್ತಿದ್ದ ಕಟ್ಟಡಕ್ಕೆ ಹೋಗಿದ್ದೆ. ಹುಳ ತಿಂದಿದೆ ಎಂದು ಆ ಭಾಗವನ್ನೇ ನೀಟಾಗಿ ಹೆರೆದು ಹಾಕಿದ್ದರು. ಕಾಲಡಿ ಬಿದ್ದಿದ್ದ ಹೊಟ್ಟು ಮುಟ್ಟಿದರೆ ಪುಡಿಯಾಗುತ್ತಿತ್ತು. ನಮಗೆ ಬೇಕಾಗಿದ್ದ ಗೆರೆ ಅದರಲ್ಲೇ ಇತ್ತು.

ಅಂಚು ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ಕೆನಡಾದ ಲಾನ್ಸ್ ಓ ಮೆಡೋಸ್ ನೋಡಿ. ಉತ್ತರ ಯುರೋಪಿನಿಂದ ಹಡಗಿನಲ್ಲಿ ಬಂದ ವೈಕಿಂಗರು ಮನೆ ಕಟ್ಟಿದ ಜಾಗ. ಅಲ್ಲಿ ಲೋಹದ ಹತಾರದಿಂದ ಕಡಿದ ಮರದ ತುಂಡುಗಳು ಸಿಕ್ಕಿದ್ದವು. 993ರಲ್ಲಿ ಆಕಾಶದಿಂದ ಬಂದ ವಿಕಿರಣದಿಂದ ಗಾಳಿಯಲ್ಲಿ ಕಾರ್ಬನ್-14 (ಇಂಗಾಲದ ವಿಕಿರಣಶೀಲ ರೂಪ) ಏಕಾಏಕಿ ಏರಿತ್ತು. ಆ ವರ್ಷದ ಗೆರೆಯಲ್ಲಿ ಅದರ ಗುರುತು ಉಳಿದಿದೆ. ವಿಜ್ಞಾನಿಗಳು ಮೂರು ಬೇರೆ ಬೇರೆ ಮರಗಳ ತುಂಡುಗಳಲ್ಲಿ ಆ ಗೆರೆ ಹುಡುಕಿ, ಅಲ್ಲಿಂದ ತೊಗಟೆಯವರೆಗೆ ಎಣಿಸಿದರು. 28 ಗೆರೆ. ಮೂರನ್ನೂ ಕಡಿದದ್ದು 1021ರಲ್ಲಿ.