ಬಿಡುವ ಉಸಿರು ಉದ್ದವಾಗಲಿ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಎಲ್ಲ ಕೇಳುಗರಿಗೆ ನಮಸ್ಕಾರ.

ರಾತ್ರಿ ಮಲಗಿದಾಗಲೋ, ತುಂಬಿದ ಬಸ್ಸಿನಲ್ಲಿ ನಿಂತಾಗಲೋ ಇದ್ದಕ್ಕಿದ್ದಂತೆ ಎದೆ ಬಿಗಿದು, ಎಷ್ಟು ಗಾಳಿ ಎಳೆದುಕೊಂಡರೂ ಸಾಲದೆನಿಸಿ, ಕೈಬೆರಳು ಜುಮ್ಮೆಂದು, ಇನ್ನು ತಮ್ಮ ಕಥೆ ಮುಗಿಯಿತೆಂದು ಹೆದರುವವರು ನಮ್ಮ ಊರುಗಳಲ್ಲಿ ಬಹಳ ಮಂದಿ ಇದ್ದಾರೆ. ಆಸ್ಪತ್ರೆಗೆ ಹೋದರೆ ಇ.ಸಿ.ಜಿ. ಸರಿಯಾಗಿರುತ್ತದೆ, ಎದೆಯ ಎಕ್ಸ್‌ರೇ ಸರಿಯಾಗಿರುತ್ತದೆ, ರಕ್ತಪರೀಕ್ಷೆಯೂ ಸರಿಯಾಗಿರುತ್ತದೆ. ಆದರೆ ಆ ದಮ್ಮು ಮಾತ್ರ ಮತ್ತೆ ಬರುತ್ತದೆ. ಈ ಹೊತ್ತಿನ ನನ್ನ ಮಾತು ಅವರಿಗಾಗಿ, ಅವರ ಮನೆಯವರಿಗಾಗಿ. ಹೇಳಬೇಕಾದದ್ದು ಒಂದೇ: ಉಸಿರು ಸಾಲದೆನಿಸಿದಾಗ ಇನ್ನಷ್ಟು ಎಳೆದುಕೊಳ್ಳಬೇಡಿ, ಒಳಗಿರುವುದನ್ನು ನಿಧಾನವಾಗಿ, ಉದ್ದವಾಗಿ ಹೊರಗೆ ಬಿಡಿ.

ಕಾರಣವನ್ನು ಸರಳವಾಗಿ ಹೇಳುತ್ತೇನೆ. ಆರಾಮಾಗಿ ಕುಳಿತಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಮನಸ್ಸಿಗೆ ಆತಂಕವಾದಾಗ, ಓಡುವುದಕ್ಕೋ ಹೋರಾಡುವುದಕ್ಕೋ ಸಜ್ಜಾಗು ಎಂದು ಮೆದುಳು ದೇಹಕ್ಕೆ ಹೇಳುತ್ತದೆ, ಉಸಿರಾಟ ಚುರುಕಾಗುತ್ತದೆ. ಓಡಿದರೆ ಆ ಹೆಚ್ಚಿನ ಉಸಿರು ಖರ್ಚಾಗುತ್ತಿತ್ತು. ನಾವು ಹಾಸಿಗೆಯ ಮೇಲೆ ಕುಳಿತೇ ಅಷ್ಟು ವೇಗವಾಗಿ ಉಸಿರಾಡುವುದರಿಂದ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕಾದುದಕ್ಕಿಂತ ಹೆಚ್ಚು ಹೊರಟುಹೋಗುತ್ತದೆ. ಅದನ್ನು ಬರೀ ಕೆಟ್ಟ ಗಾಳಿ ಎಂದು ತಿಳಿಯಬಾರದು; ದೇಹಕ್ಕೆ ಅದು ಒಂದು ಮಟ್ಟದಲ್ಲಿ ಬೇಕೇ ಬೇಕು. ಆ ಮಟ್ಟ ಇಳಿದಾಗ ಮೆದುಳಿನ ರಕ್ತನಾಳಗಳು ಕಿರಿದಾಗಿ ತಲೆ ತಿರುಗುತ್ತದೆ, ರಕ್ತದ ಕ್ಷಾರಗುಣ ಹೆಚ್ಚಿ ಬಾಯಿಯ ಸುತ್ತ ಮತ್ತು ಬೆರಳುಗಳಲ್ಲಿ ಜೋಮು ಹಿಡಿಯುತ್ತದೆ. ಇದನ್ನು ಕಂಡು ಭಯ ಹೆಚ್ಚುತ್ತದೆ, ಭಯದಿಂದ ಉಸಿರು ಮತ್ತಷ್ಟು ಚುರುಕಾಗುತ್ತದೆ. ಇಷ್ಟಾದರೂ ರಕ್ತದಲ್ಲಿ ಆಮ್ಲಜನಕಕ್ಕೆ ಕೊರತೆಯಿರುವುದಿಲ್ಲ. ಒಳಗಿನ ಗಾಳಿಯನ್ನು ಪೂರ್ತಿ ಬಿಡದೆ ಮತ್ತೆ ಎಳೆಯುವುದು ತುಂಬಿದ ಕೊಡಕ್ಕೆ ನೀರು ಹೊಯ್ದಂತೆ, ಹಿಡಿಸುವುದಿಲ್ಲ.

ಆಳಂದ ತಾಲ್ಲೂಕಿನ ಹಳ್ಳಿಯೊಂದರ ಹೆಣ್ಣುಮಗಳೊಬ್ಬಳು ಅತ್ತೆಯ ಜೊತೆ ನಮ್ಮ ಹೊರರೋಗಿ ವಿಭಾಗಕ್ಕೆ ಬಂದಿದ್ದಳು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಚಿಕಿತ್ಸೆಯೆಲ್ಲವೂ ಅದರಲ್ಲಿಯೇ ಇದೆ. ಗಂಡ ಬಿತ್ತಿದ ತೊಗರಿ ನೆಟೆ ರೋಗಕ್ಕೆ ಸಿಕ್ಕಿ ಒಣಗಿಹೋದ ವರ್ಷದಿಂದ ಅವಳಿಗೆ ರಾತ್ರಿಯ ಹೊತ್ತು ದಮ್ಮು ಹತ್ತುತ್ತಿತ್ತು. ಸೊಲ್ಲಾಪುರಕ್ಕೆ ಹೋದರು, ಹೈದರಾಬಾದಿಗೆ ಹೋದರು, ಕೊರಳಿನ ಬಂಗಾರ ಒತ್ತೆಗೆ ಹೋಯಿತು. ಎಲ್ಲ ಕಡೆಯೂ ಕೇಳಿಬಂದದ್ದು ‘ಏನೂ ಇಲ್ಲ’ ಎಂಬ ಒಂದೇ ಮಾತು. ಮನೆಯಲ್ಲಿ ಕೆಲವರು ಇದನ್ನು ಸೋಗು ಎಂದರು. ಕೇಳುಗರೇ, ಈ ‘ಏನೂ ಇಲ್ಲ’ ಎಂಬ ಮಾತನ್ನು ದಯವಿಟ್ಟು ಯಾರಿಗೂ ಹೇಳಬೇಡಿ. ಹೃದಯದಲ್ಲಿ ದೋಷವಿಲ್ಲ ಎನ್ನುವುದು ಬೇರೆ, ನಿನಗೆ ನೋವೇ ಇಲ್ಲ ಎನ್ನುವುದು ಬೇರೆ.

ಕಾಗದಗಳ ಚೀಲವನ್ನು ಮೇಜಿನ ಮೇಲೆ ಇಡುತ್ತಿದ್ದಂತೆಯೇ ಅವಳಿಗೆ ಅಲ್ಲಿಯೇ ದಮ್ಮು ಹತ್ತಿತು. “ಸಾಹೇಬ್ರ, ಜೀವ ಹೋಗ್ಲತ್ತದ” ಎಂದಳು. ಬೆರಳುಗಳು ಸೆಟೆದು ಹಸ್ತ ಒಳಕ್ಕೆ ಮಡಚಿಕೊಂಡಿತ್ತು. ಅತ್ತೆ ಬೆನ್ನು ನೀವುತ್ತ “ದೊಡ್ಡದಾಗಿ ಉಸಿರ ತಗೊಳವ್ವ, ಇನ್ನಾ ದೊಡ್ಡದಾಗಿ ತಗೊ” ಎನ್ನುತ್ತಿದ್ದರು. ಪ್ರೀತಿಯಿಂದ ಹೇಳಿದ ಮಾತೇ ಅದು, ಆದರೆ ಆ ಹೊತ್ತಿಗೆ ತೀರ ತಪ್ಪಾದ ಸಲಹೆ. ನಮ್ಮ ಮನೆಗಳಲ್ಲೆಲ್ಲ ಇದನ್ನೇ ಹೇಳುತ್ತಾರೆ, ನಾನು ಬೇಡವೆಂದು ಹೇಳಿ ಹೇಳಿ ದಣಿದಿದ್ದೇನೆ. ಕೊರೋನಾ ಕಾಲದಲ್ಲಿ ಎಲ್ಲರೂ ಕಂಡ ಆಕ್ಸಿಮೀಟರನ್ನು ಅವಳ ಬೆರಳಿಗೆ ಸಿಕ್ಕಿಸಿದೆ. 99 ತೋರಿಸಿತು. ಅದನ್ನು ಅವಳಿಗೂ ಅತ್ತೆಗೂ ತೋರಿಸಿ, ಗಾಳಿ ಒಳಗೆ ಬೇಕಾದಷ್ಟಿದೆ ಎಂದು ಹೇಳಿದೆ. ಆದರೆ ಭಯಗೊಂಡ ಮನಸ್ಸು ಅಂಕಿಯನ್ನು ನಂಬುವುದಿಲ್ಲ. ಆಗ, ಮನೆಯಲ್ಲಿ ಕಟ್ಟಿಗೆಯ ಒಲೆ ಇದೆಯೇ ಎಂದು ಕೇಳಿದೆ. ತಲೆಯಾಡಿಸಿದಳು. ಊದುಗೊಳವೆ ಹಿಡಿದು ಒಲೆ ಊದುವಾಗ ಹೇಗೆ ಊದುತ್ತೀಯೋ ಹಾಗೆಯೇ ಈಗ ಊದು, ಬೂದಿ ಹಾರಬಾರದು, ಕೆಂಡ ಮಾತ್ರ ಕೆಂಪಾಗಬೇಕು ಎಂದೆ. ತುಟಿಗಳನ್ನು ಸಣ್ಣಗೆ ಮಾಡಿ ಉದ್ದಕ್ಕೆ ಊದಿದಳು. ಮತ್ತೆ ಊದಿಸಿದೆ. ಒಳಗೆ ಎಳೆಯುವ ಬಗ್ಗೆ ನಾನು ಒಂದು ಮಾತನ್ನೂ ಆಡಲಿಲ್ಲ. ಪೂರ್ತಿ ಬಿಟ್ಟವರಿಗೆ ಎಳೆದುಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ, ಅದು ತಾನಾಗಿಯೇ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಬೆರಳುಗಳು ಬಿಚ್ಚಿಕೊಂಡವು. ಆಮೇಲೆ ಅವಳು ಬಹಳ ಹೊತ್ತು ಅತ್ತಳು, ಸಾಲದ ವಿಷಯವನ್ನು ಮೊದಲ ಬಾರಿಗೆ ಅತ್ತೆಯ ಎದುರಿನಲ್ಲಿ ಬಾಯಿಬಿಟ್ಟು ಹೇಳಿದಳು. ಸಂಜೆಯ ರೊಟ್ಟಿ ಮುಗಿದ ಮೇಲೆ ಅತ್ತೆ ಸೊಸೆ ಇಬ್ಬರೂ ಕುಳಿತು ದಿನವೂ ಹೀಗೆ ಊದಬೇಕೆಂದು ಹೇಳಿ ಕಳುಹಿಸಿದೆ. ಎಣಿಸುವ ಕೆಲಸವನ್ನು ಅತ್ತೆಗೇ ಕೊಟ್ಟಿದ್ದೆ. ಮುಂದಿನ ಭೇಟಿಗಳಲ್ಲಿ ದಮ್ಮು ಅಪರೂಪವಾಗಿತ್ತು, ಬಂದರೂ ಅವಳು ಅದಕ್ಕೆ ಹೆದರುತ್ತಿರಲಿಲ್ಲ.

ನೀವು ಮನೆಯಲ್ಲಿ ಮಾಡಬೇಕಾದದ್ದೂ ಇಷ್ಟೇ. ಬೆನ್ನಿಗೆ ಆಸರೆ ಕೊಟ್ಟು ಕುಳಿತು, ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಳ್ಳಿ. ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಮೆಲ್ಲಗೆ ಉಸಿರೆಳೆದುಕೊಳ್ಳಿ, ಹೊಟ್ಟೆಯ ಮೇಲಿನ ಕೈ ಮೇಲೇಳಲಿ. ಆರು ಎಣಿಸುವಷ್ಟು ಹೊತ್ತು ತುಟಿ ಸಣ್ಣಗೆ ಮಾಡಿ ಬಿಡಿ. ಒಂದೊಂದು ಎಣಿಕೆಗೆ ಒಂದೊಂದು ಸೆಕೆಂಡು ಎಂದರೆ ನಿಮಿಷಕ್ಕೆ ಆರು ಉಸಿರು ಆಗುತ್ತವೆ. ಉಸಿರು ಬಿಡುವಾಗ ವೇಗಸ್ ಎಂಬ ನರದ ಪ್ರಭಾವದಿಂದ ಹೃದಯದ ಬಡಿತ ನಿಧಾನವಾಗುತ್ತದೆ, ಆದ್ದರಿಂದಲೇ ಬಿಡುವ ಉಸಿರು ಉದ್ದವಾಗಲಿ ಎಂದು ನಾನು ಮತ್ತೆ ಮತ್ತೆ ಹೇಳುತ್ತಿರುವುದು. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ, ಆರಾಮಿರುವಾಗಲೇ ಅಭ್ಯಾಸ ಮಾಡಬೇಕು. ಆಗ ಮಾತ್ರ ಕಷ್ಟದ ಹೊತ್ತಿನಲ್ಲಿ ಅದು ಕೈಹಿಡಿಯುತ್ತದೆ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯ ಅಪಾಯಕಾರಿ, ಮಾಡಬೇಡಿ. ದಮ್ಮು ಹತ್ತಿದವರ ಸುತ್ತ ಜನ ಮುತ್ತಿಕೊಳ್ಳುವುದೂ ಬೇಡ. ಒಬ್ಬರು ಪಕ್ಕದಲ್ಲಿ ಕುಳಿತು ತಾವೂ ನಿಧಾನವಾಗಿ ಉಸಿರು ಬಿಟ್ಟು ತೋರಿಸಲಿ. ಇಂಥ ಆತಂಕದ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ ಆಮೇಲೆ ತಾನೇ ಇಳಿಯುತ್ತದೆ.

ಸಮಯ ಸ್ವಲ್ಪವೇ ಉಳಿದಿದೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ರೂಪಿಸಿದ ಸ್ನಾಯು ಸಡಿಲಿಕೆಯ ವಿಧಾನವೂ ನಿದ್ದೆಗೆ ಮುಂಚೆ ಒಳ್ಳೆಯದು: ಪಾದದಿಂದ ಹಿಡಿದು ಹಣೆಯವರೆಗೆ ಒಂದೊಂದು ಭಾಗವನ್ನು ಕೆಲವು ಸೆಕೆಂಡು ಬಿಗಿಹಿಡಿದು, ಉಸಿರು ಬಿಡುತ್ತ ಸಡಿಲಗೊಳಿಸುವುದು. ಚಹಾ ಕಡಿಮೆ ಮಾಡಿ. ತಂಬಾಕು, ಗುಟ್ಕಾ ಬಿಡಿ.

ಆದರೆ ಎದೆನೋವು ಎಡಗೈಗೋ ದವಡೆಗೋ ಹರಿದರೆ, ಮೈಯೆಲ್ಲ ಬೆವರಿದರೆ, ತುಟಿ ನೀಲಿಯಾದರೆ, ಗೂರಲು ಶಬ್ದ ಬಂದರೆ ಅಥವಾ ಇಂಥ ದಮ್ಮು ಜೀವನದಲ್ಲಿ ಇದೇ ಮೊದಲ ಸಲ ಬಂದಿದ್ದರೆ ಅಭ್ಯಾಸ ಮಾಡುತ್ತ ಕೂಡಬಾರದು, 108ಕ್ಕೆ ಕರೆಮಾಡಿ. ಪರೀಕ್ಷೆಯಾಗಿ ಇದು ಆತಂಕವೇ ಎಂದು ತಿಳಿದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಸಂಕೋಚವಿಲ್ಲದೆ ಬನ್ನಿ. ಆಪ್ತ ಸಮಾಲೋಚನೆಯಿದೆ, ಒಳ್ಳೆಯ ಔಷಧಗಳಿವೆ. ಬರಲು ಆಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಕರೆಮಾಡಬಹುದು. ಸಂಖ್ಯೆ 14416. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಬರೆದುಕೊಳ್ಳಲು ಅನುಕೂಲವಾಗಲೆಂದು ಇನ್ನೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು. ನಮಸ್ಕಾರ.