ಊರಿಗಿಂತ ಮೊದಲೇ ಎದ್ದು ನಿಂತ ನಿಲ್ದಾಣ: ಟೋಕಿಯೊದ ಕುನಿತಾಚಿ

(ದೃಶ್ಯ: ಬೆಳಗಿನ ಹೊತ್ತು. ಕಿತ್ತಳೆ ಪಟ್ಟಿಯ ರೈಲೊಂದು ಮೇಲ್ಸೇತುವೆಯ ಹಳಿಯ ಮೇಲೆ ನಿಧಾನವಾಗಿ ಬಂದು ನಿಲ್ಲುತ್ತದೆ. ಸೇತುವೆಯ ಕೆಳಗೆ, ರಸ್ತೆಗೆ ಮುಖ ಮಾಡಿದ ಕೆಂಪು ಚಾವಣಿಯ ಪುಟ್ಟ ಮರದ ಕಟ್ಟಡ.)

ನಮಸ್ಕಾರ ವೀಕ್ಷಕರೇ. ಊರು ಬೆಳೆದು, ಜನ ಹೆಚ್ಚಿ, ಕೊನೆಗೆ ಅಲ್ಲಿಗೊಂದು ರೈಲು ನಿಲ್ದಾಣ ಬರುವುದನ್ನು ನಾವು ನೋಡಿದ್ದೇವೆ. ಟೋಕಿಯೊ ಮಹಾನಗರದ ಪಶ್ಚಿಮಕ್ಕಿರುವ ಕುನಿತಾಚಿಯಲ್ಲಿ ಮಾತ್ರ ಮೊದಲು ನಿಲ್ದಾಣ ಬಂತು, ಊರು ಅದರ ಹಿಂದೆ ಬಂತು. ಅದಾಗಿ ಎಂಬತ್ತು ವರ್ಷಗಳ ಮೇಲೆ ನಿಲ್ದಾಣದ ಕಟ್ಟಡವನ್ನು ಕೆಡವಲೇಬೇಕಾದ ಪ್ರಸಂಗ ಎದುರಾದಾಗ, ಆ ಊರಿನವರು ಅದರ ಮರದ ತುಂಡುಗಳನ್ನು ಒಂದೊಂದಾಗಿ ಬಿಚ್ಚಿ, ಜೋಪಾನವಾಗಿ ಎತ್ತಿಟ್ಟು, ಹದಿಮೂರು ವರ್ಷಗಳ ನಂತರ ಮತ್ತೆ ಜೋಡಿಸಿ ನಿಲ್ಲಿಸಿದರು. ಇಂದಿನ ವಿಡಿಯೋ ಆ ನಿಲ್ದಾಣದ ಬಗ್ಗೆ.

(ದೃಶ್ಯ: ಚುಓ ಮಾರ್ಗದ ನಕ್ಷೆ. ಷಿಂಜುಕುವಿನಿಂದ ಪಶ್ಚಿಮಕ್ಕೆ ಎಳೆದ ಗೆರೆ.)

ಮೊದಲು ಹಳಿಯ ಕಥೆಯನ್ನು ತಿಳಿಯೋಣ. ಕೊಬು ರೈಲ್ವೆ ಎಂಬ ಖಾಸಗಿ ಕಂಪನಿ 1889ರ ಏಪ್ರಿಲ್ 11ರಂದು ಷಿಂಜುಕುವಿನಿಂದ ತಾಚಿಕಾವಾವರೆಗೆ ರೈಲು ಓಡಿಸಲು ಆರಂಭಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮಾರ್ಗವು ಹಾಚಿಯೊಜಿಯವರೆಗೆ ಮುಂದುವರಿಯಿತು. ನಕ್ಷೆಯಲ್ಲಿ ಹಿಗಾಷಿ-ನಾಕಾನೊದಿಂದ ತಾಚಿಕಾವಾವರೆಗಿನ ಭಾಗವನ್ನು ಗಮನಿಸಿ. ಸುಮಾರು 25 ಕಿಲೋಮೀಟರ್ ದೂರ ಹಳಿ ದಾರ ಹಿಡಿದು ಎಳೆದಷ್ಟು ನೇರವಾಗಿದೆ. ಸರ್ಕಾರ 1906ರಲ್ಲಿ ಈ ಮಾರ್ಗವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಇದೇ ಇಂದಿನ ಚುಓ ಮಾರ್ಗ. ಆ ಕಾಲಕ್ಕೆ ಕೊಕುಬುಂಜಿ ಮತ್ತು ತಾಚಿಕಾವಾ ನಿಲ್ದಾಣಗಳ ನಡುವಿನ ಆರು ಕಿಲೋಮೀಟರ್‌ನಲ್ಲಿ ರೈಲು ಎಲ್ಲಿಯೂ ನಿಲ್ಲುತ್ತಿರಲಿಲ್ಲ, ಏಕೆಂದರೆ ಹಳಿಯ ದಕ್ಷಿಣಕ್ಕಿದ್ದದ್ದು ಯಾಹೊ ಎಂಬ ಹಳ್ಳಿಗೆ ಸೇರಿದ ಕುರುಚಲು ಕಾಡು.

1923ರ ಸೆಪ್ಟೆಂಬರ್ 1ರ ಭೂಕಂಪ ಈ ಕಾಡಿನ ಹಣೆಬರಹವನ್ನು ಬದಲಿಸಿತು. ಕಾಂತೊ ಪ್ರದೇಶವನ್ನೇ ನಲುಗಿಸಿದ ಆ ಕಂಪನದಲ್ಲಿ ನಗರದ ನಡುವಿನ ಹಿತೊತ್ಸುಬಾಷಿಯಲ್ಲಿದ್ದ ಟೋಕಿಯೊ ವಾಣಿಜ್ಯ ವಿಶ್ವವಿದ್ಯಾಲಯದ ಕಟ್ಟಡಗಳು ಬಹುಪಾಲು ನಾಶವಾದವು. ಅದೇ ಜಾಗದಲ್ಲಿ ಮತ್ತೆ ಕಟ್ಟುವ ಬದಲು ನಗರದ ಹೊರಗೆ ವಿಶಾಲವಾದ ನೆಲವೊಂದನ್ನು ಹುಡುಕಬೇಕೆಂದು ವಿಶ್ವವಿದ್ಯಾಲಯದ ಮುಖ್ಯಸ್ಥ ಸಾನೊ ಝೆನ್ಸಾಕು ನಿರ್ಧರಿಸಿದರು. ಮುಂದೆ ಸೆಯ್ಬು ಎಂಬ ಉದ್ಯಮ ಸಮೂಹವನ್ನು ಕಟ್ಟಿ ಹೆಸರಾದ ತ್ಸುತ್ಸುಮಿ ಯಾಸುಜಿರೊ ಅವರ ಹಾಕೊನೆ ತೊಚಿ ಎಂಬ ಭೂ ಅಭಿವೃದ್ಧಿ ಕಂಪನಿಯೊಂದಿಗೆ 1925ರಲ್ಲಿ ಒಪ್ಪಂದವಾಯಿತು. ಕಂಪನಿ ಕಾಡನ್ನು ಕೊಂಡು, ಬೀದಿಗಳನ್ನು ಎಳೆದು, ವಿಶ್ವವಿದ್ಯಾಲಯದ ಸುತ್ತ ಮನೆಗಳ ಪಟ್ಟಣವೊಂದನ್ನು ನಿರ್ಮಿಸಬೇಕು ಎಂಬುದು ಯೋಜನೆ. ಆದರೆ ರೈಲು ನಿಲ್ಲದ ಕಾಡಿನಲ್ಲಿ ನಿವೇಶನ ಕೊಳ್ಳುವವರು ಯಾರು? ಆದ್ದರಿಂದ ಕಂಪನಿಯೇ ನಿಲ್ದಾಣದ ಕಟ್ಟಡವನ್ನು ಕಟ್ಟಿಸಿ ರೈಲ್ವೆ ಸಚಿವಾಲಯಕ್ಕೆ ದಾನವಾಗಿ ಕೊಟ್ಟಿತು. 1926ರ ಏಪ್ರಿಲ್ 1ರಂದು ಅಲ್ಲಿ ಮೊದಲ ಬಾರಿಗೆ ರೈಲು ನಿಂತಾಗ ವಿಶ್ವವಿದ್ಯಾಲಯ ಇನ್ನೂ ಬಂದಿರಲಿಲ್ಲ, ಮನೆಗಳೂ ಇರಲಿಲ್ಲ.

ಹೊಸ ನಿಲ್ದಾಣಕ್ಕೆ ಹೆಸರನ್ನೂ ಹೊಸದಾಗಿಯೇ ಹುಡುಕಬೇಕಾಯಿತು. ಜಪಾನಿ ಬರಹದ ಒಂದೇ ಚಿತ್ರಾಕ್ಷರವನ್ನು ಬೇರೆ ಬೇರೆ ರೀತಿಯಲ್ಲಿ ಓದಬಹುದು. ಕೊಕುಬುಂಜಿಯ ಮೊದಲ ಅಕ್ಷರ ‘ಕೊಕು’ವನ್ನು ‘ಕುನಿ’ ಎಂದೂ ಓದಬಹುದು; ಅದಕ್ಕೆ ತಾಚಿಕಾವಾದ ಮೊದಲ ಅಕ್ಷರ ‘ತಾಚಿ’ಯನ್ನು ಸೇರಿಸಿದರೆ ಕುನಿತಾಚಿ. ಇಲ್ಲೊಂದು ಸ್ವಾರಸ್ಯವಿದೆ. ಇದೇ ಎರಡು ಅಕ್ಷರಗಳನ್ನು ‘ಕೊಕುರಿತ್ಸು’ ಎಂದೂ ಓದಬಹುದು. ಆಗ ಅದರ ಅರ್ಥ ‘ರಾಷ್ಟ್ರೀಯ’ ಎಂದಾಗುತ್ತದೆ. ನಾಮಫಲಕವನ್ನು ಮೊದಲ ಸಲ ನೋಡುವವರು ಇದು ಯಾವುದೋ ಸರ್ಕಾರಿ ಸಂಸ್ಥೆಯ ಹೆಸರಿರಬೇಕೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ನಿಲ್ದಾಣಕ್ಕಾಗಿ ಹುಟ್ಟಿದ ಈ ಹೆಸರು ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, 1951ರಲ್ಲಿ ಯಾಹೊ ಹಳ್ಳಿ ಪಟ್ಟಣವಾದಾಗ ತನ್ನ ಹಳೆಯ ಹೆಸರನ್ನು ಬಿಟ್ಟು ಕುನಿತಾಚಿ ಎಂಬ ಹೆಸರನ್ನೇ ಪಡೆಯಿತು. 1967ರಲ್ಲಿ ಅದು ನಗರವಾಯಿತು.

(ದೃಶ್ಯ: ನಿಲ್ದಾಣದ ಎದುರಿನ ವೃತ್ತ, ಮೇಲಿನಿಂದ. ಮೂರು ರಸ್ತೆಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿವೆ.)

ನಿಲ್ದಾಣದ ದಕ್ಷಿಣ ಬಾಗಿಲಿನಲ್ಲಿ ನಿಂತು ನೋಡಿದರೆ ಊರಿನ ನಕ್ಷೆಯೇ ಕಣ್ಣೆದುರು ತೆರೆದುಕೊಳ್ಳುತ್ತದೆ. ನಡುವಿನದು ದೈಗಾಕು-ದೋರಿ, ಅಂದರೆ ವಿಶ್ವವಿದ್ಯಾಲಯ ಬೀದಿ. ಅದರ ಅಗಲ ಸುಮಾರು 44 ಮೀಟರ್. ಎಡಕ್ಕೆ ಸೂರ್ಯೋದಯದ ದಿಕ್ಕಿಗೆ ಅಸಾಹಿ-ದೋರಿ. ಬಲಕ್ಕೆ ಫುಜಿ ಪರ್ವತದ ದಿಕ್ಕಿಗೆ ಫುಜಿಮಿ-ದೋರಿ. ಆಗಿನ ಯುವರಾಜ ಅಕಿಹಿತೊ 1933ರ ಕೊನೆಯಲ್ಲಿ ಜನಿಸಿದ ನೆನಪಿಗಾಗಿ ದೈಗಾಕು-ದೋರಿಯ ಎರಡೂ ಬದಿಗಳಲ್ಲಿ ಚೆರಿ ಮತ್ತು ಗಿಂಕೊ ಮರಗಳನ್ನು ನೆಡಲಾಯಿತು. ಏಪ್ರಿಲ್ ಆರಂಭದಲ್ಲಿ ಬೀದಿ ತಿಳಿಗುಲಾಬಿಯಾಗುತ್ತದೆ, ನವೆಂಬರ್ ಕೊನೆಗೆ ಅದೇ ಬೀದಿ ಅರಿಸಿನ ಚೆಲ್ಲಿದಂತೆ ಹಳದಿಯಾಗುತ್ತದೆ. ವಿಶ್ವವಿದ್ಯಾಲಯದ ಆವರಣದಲ್ಲಿ ವಾಸ್ತುಶಿಲ್ಪಿ ಇತೊ ಚುತಾ ವಿನ್ಯಾಸಗೊಳಿಸಿದ ಕಾನೆಮತ್ಸು ಸಭಾಂಗಣ 1927ರಲ್ಲಿ ಸಿದ್ಧವಾಯಿತು. ಈ ವಿಶ್ವವಿದ್ಯಾಲಯವೇ ಇಂದಿನ ಹಿತೊತ್ಸುಬಾಷಿ ವಿಶ್ವವಿದ್ಯಾಲಯ.

ಒಮ್ಮೆ ನೆಲೆಯಾದ ಮೇಲೆ ಈ ಊರಿನವರು ತಮ್ಮ ಬೀದಿಗಳ ವಿಷಯದಲ್ಲಿ ಬಹಳ ಎಚ್ಚರದಿಂದ ನಡೆದುಕೊಂಡಿದ್ದಾರೆ. ಕೊರಿಯಾ ಯುದ್ಧದ ದಿನಗಳಲ್ಲಿ ಪಕ್ಕದ ತಾಚಿಕಾವಾದ ಅಮೆರಿಕನ್ ಸೇನಾ ನೆಲೆಯ ಕಾರಣದಿಂದ ವೇಶ್ಯಾವಾಟಿಕೆಗೆ ಅನುವಾಗುವ ವಸತಿಗೃಹಗಳು ಇಲ್ಲಿಯೂ ತಲೆಯೆತ್ತತೊಡಗಿದಾಗ, ನಿವಾಸಿಗಳು ಮತ್ತು ವಿದ್ಯಾರ್ಥಿಗಳು ಚಳವಳಿ ನಡೆಸಿ 1952ರಲ್ಲಿ ಊರಿನ ಬಹುಭಾಗವನ್ನು ಅಧಿಕೃತ ಶಿಕ್ಷಣ ವಲಯವೆಂದು ಘೋಷಿಸುವಂತೆ ಮಾಡಿದರು. ದೈಗಾಕು-ದೋರಿಯಲ್ಲಿ ಮರಗಳ ಎತ್ತರವನ್ನು ಮೀರಿ ಎದ್ದ ವಸತಿ ಸಮುಚ್ಚಯದ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ನಿವಾಸಿಗಳು ಆ ಮೊಕದ್ದಮೆಯಲ್ಲಿ ಸೋತರೂ, ಒಳ್ಳೆಯ ನೋಟವನ್ನು ಅನುಭವಿಸುವ ಹಿತಾಸಕ್ತಿಗೆ ಕಾನೂನಿನ ರಕ್ಷಣೆ ಇದೆ ಎಂದು ನ್ಯಾಯಾಲಯ 2006ರಲ್ಲಿ ಒಪ್ಪಿಕೊಂಡಿತು. 2024ರಲ್ಲಂತೂ ಫುಜಿಮಿ-ದೋರಿಯಿಂದ ಕಾಣುವ ಫುಜಿಯನ್ನು ಮರೆಮಾಡುತ್ತಿದ್ದ ಹತ್ತು ಮಹಡಿಯ ಹೊಸ ಕಟ್ಟಡವೊಂದನ್ನು, ಇನ್ನೇನು ಕೊಂಡವರ ಕೈಗೆ ಒಪ್ಪಿಸಬೇಕು ಎನ್ನುವಾಗ, ಕಟ್ಟಿದ ಕಂಪನಿಯೇ ಕೆಡವಲು ನಿರ್ಧರಿಸಿತು.

(ದೃಶ್ಯ: ಹಳೆಯ ನಿಲ್ದಾಣದ ಒಳಭಾಗ. ಕ್ಯಾಮೆರಾ ಕಂಬದ ಹತ್ತಿರಕ್ಕೆ ಹೋಗುತ್ತದೆ.)

ಈಗ ಕಟ್ಟಡದ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಈ ಕಥೆಯ ಜೀವ ಇರುವುದೇ ಇಲ್ಲಿ. ಎರಡೂ ಬದಿ ಸಮನಾಗಿಲ್ಲದ ಕಡಿದಾದ ಕೆಂಪು ತ್ರಿಕೋನ ಚಾವಣಿ, ಬಿಳಿ ಗೋಡೆ, ಅದರಲ್ಲಿ ಅರ್ಧ ಚಂದ್ರಾಕಾರದ ಕಿಟಕಿ. ಒಳಗೆ ಬಂದು ಕಂಬಗಳನ್ನು ಹತ್ತಿರದಿಂದ ನೋಡಿ. ಮರದ ಕಟ್ಟಡವೆಂದು ಬಂದವರಿಗೆ ಕಬ್ಬಿಣ ಎದುರಾಗುತ್ತದೆ. ಸವೆದ ತಲೆ, ತೆಳು ನಡು, ಅಗಲ ಪಾದ. ಅವು ಹಳೆಯ ರೈಲು ಹಳಿಗಳು. ಎಂದೋ ನೆಲದ ಮೇಲೆ ಮಲಗಿ ಗಾಡಿಗಳನ್ನು ಹೊತ್ತ ಹಳಿಗಳೇ ಇಲ್ಲಿ ಎದ್ದು ನಿಂತು ಚಾವಣಿಯನ್ನು ಹೊತ್ತಿವೆ.

ಈ ಕಟ್ಟಡಕ್ಕೆ ಕುತ್ತು ಬಂದದ್ದು ಹಳಿಯನ್ನು ಮೇಲೆತ್ತುವ ಯೋಜನೆಯಿಂದ. ಮಿತಾಕಾದಿಂದ ತಾಚಿಕಾವಾವರೆಗೆ ಸುಮಾರು 13 ಕಿಲೋಮೀಟರ್‌ನಲ್ಲಿ 18 ರೈಲ್ವೆ ಗೇಟುಗಳಿದ್ದವು. ಬೆಳಿಗ್ಗೆ ಒಂದರ ಹಿಂದೊಂದು ರೈಲು ಓಡುವಾಗ ಗೇಟು ಮೇಲೇಳುವುದೇ ಅಪರೂಪವಾಗಿತ್ತು. ಜಪಾನೀಯರು ಇವನ್ನು ‘ಅಕಾಝು ನೊ ಫುಮಿಕಿರಿ’, ಅಂದರೆ ‘ತೆರೆಯದ ಗೇಟು’ ಎಂದೇ ಕರೆಯುತ್ತಾರೆ. ಹಳಿಯನ್ನು ಸೇತುವೆಯ ಮೇಲಕ್ಕೆ ಏರಿಸುವ ಕಾಮಗಾರಿ 1999ರಲ್ಲಿ ಆರಂಭವಾಗಿ, 2010ರ ನವೆಂಬರ್‌ನಲ್ಲಿ ಎಲ್ಲ ಗೇಟುಗಳೂ ಇಲ್ಲವಾದವು. ಜನರ ದಿನನಿತ್ಯದ ಪಾಡನ್ನು ನೆನೆದರೆ ಈ ಕೆಲಸ ಆಗಲೇಬೇಕಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೆಂಪು ಚಾವಣಿಯ ಕಟ್ಟಡ ಕಾಮಗಾರಿಯ ದಾರಿಯಲ್ಲೇ ನಿಂತಿತ್ತು.

ಬಿಚ್ಚಿಟ್ಟು ಮತ್ತೆ ಕಟ್ಟೋಣವೆಂದರೆ ಕಾನೂನಿನ ತೊಡಕು ಅಡ್ಡ ಬಂತು. ನಿಲ್ದಾಣದ ಎದುರಿನ ಪ್ರದೇಶ ಬೆಂಕಿ ತಡೆ ವಲಯಕ್ಕೆ ಸೇರಿದ್ದು, ಅಲ್ಲಿ ಇಂಥ ಮರದ ಕಟ್ಟಡವನ್ನು ಹೊಸದಾಗಿ ಕಟ್ಟಲು ಅನುಮತಿಯಿಲ್ಲ. ಒಮ್ಮೆ ಬಿಚ್ಚಿದರೆ ಮುಗಿಯಿತು, ಮತ್ತೆ ನಿಲ್ಲಿಸುವುದು ಕಾನೂನಿನ ಪ್ರಕಾರ ‘ಹೊಸ ಕಟ್ಟಡ’ವಾಗುತ್ತದೆ. ಸಾಂಸ್ಕೃತಿಕ ಆಸ್ತಿಯೆಂದು ಗುರುತಿಸಿದ ಕಟ್ಟಡಕ್ಕೆ ಮಾತ್ರ ವಿನಾಯಿತಿ ಪಡೆಯುವ ದಾರಿ ಇತ್ತು. ಆದ್ದರಿಂದ 2006ರ ಅಕ್ಟೋಬರ್‌ನಲ್ಲಿ ಕಟ್ಟಡದ ಬಳಕೆ ನಿಂತ ಬೆನ್ನಲ್ಲೇ, ಅದನ್ನು ಬಿಚ್ಚುವುದಕ್ಕೆ ಮುಂಚೆ, ನಗರಾಡಳಿತ ಅದನ್ನು ತನ್ನ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. ಆ ಒಂದು ಕಾಗದ ಇಲ್ಲದಿದ್ದರೆ ಎತ್ತಿಟ್ಟ ಮರವೆಲ್ಲ ಗೋದಾಮಿನಲ್ಲೇ ಉಳಿಯಬೇಕಾಗುತ್ತಿತ್ತು. ಮುಂದೆ ನಗರಾಡಳಿತ ರೈಲ್ವೆ ಕಂಪನಿಯಿಂದ ಜಾಗವನ್ನು ಕೊಂಡು, ಉಳಿಸಿಕೊಂಡಿದ್ದ ಮರವನ್ನೇ ಆದಷ್ಟು ಬಳಸಿ, ಕಟ್ಟಡವನ್ನು 1926ರ ಮೂಲ ರೂಪಕ್ಕೆ ತಂದಿತು. 2020ರ ಏಪ್ರಿಲ್ 4ರಂದು ಅದು ಬಹುತೇಕ ಹಳೆಯ ಜಾಗದಲ್ಲೇ ಮತ್ತೆ ಬಾಗಿಲು ತೆರೆಯಿತು.

(ದೃಶ್ಯ: ಮೇಲಿನ ಪ್ಲಾಟ್‌ಫಾರಂ. ಫಲಕದಲ್ಲಿ ಜೆಸಿ 18.)

ಇಂದಿನ ಸೇವೆಗಳನ್ನು ಚುರುಕಾಗಿ ನೋಡಿಬಿಡೋಣ. ಜೆಆರ್ ಈಸ್ಟ್ ನಡೆಸುವ ಚುಓ ಮಾರ್ಗದಲ್ಲಿ ಕುನಿತಾಚಿಯ ಸಂಖ್ಯೆ ಜೆಸಿ 18. ಟೋಕಿಯೊ ನಿಲ್ದಾಣದಿಂದ ದೂರ 34.5 ಕಿಲೋಮೀಟರ್. ರ‍್ಯಾಪಿಡ್ ರೈಲುಗಳು ಇಲ್ಲಿ ನಿಲ್ಲುತ್ತವೆ. ಸ್ಪೆಷಲ್ ರ‍್ಯಾಪಿಡ್ ರೈಲುಗಳು ಕೊಕುಬುಂಜಿ ಬಿಟ್ಟರೆ ತಾಚಿಕಾವಾದಲ್ಲೇ ನಿಲ್ಲುವುದರಿಂದ, ಅವಸರದಲ್ಲಿರುವವರು ರ‍್ಯಾಪಿಡ್‌ನಲ್ಲಿ ಹೊರಟು ಕೊಕುಬುಂಜಿಯಲ್ಲಿ ರೈಲು ಬದಲಿಸುತ್ತಾರೆ. ಹತ್ತು ಬೋಗಿಗಳ ರೈಲಿಗೆ ಗ್ರೀನ್ ಕಾರ್ ಎಂಬ ಮೇಲ್ದರ್ಜೆಯ, ಎರಡು ಅಂತಸ್ತಿನ ಎರಡು ಬೋಗಿಗಳು ಸೇರಿ, ಒಟ್ಟು ಹನ್ನೆರಡು ಬೋಗಿಗಳಾಗಿವೆ; ಅವುಗಳ ಶುಲ್ಕಸಹಿತ ಸೇವೆ 2025ರ ಮಾರ್ಚ್ 15ರಂದು ಆರಂಭವಾಯಿತು. ಹೆಚ್ಚುವರಿ ಶುಲ್ಕವನ್ನು ಸುಯಿಕಾ ಎಂಬ ಪ್ರೀಪೇಯ್ಡ್ ಪ್ರಯಾಣ ಕಾರ್ಡಿನಲ್ಲಿ ಮೊದಲೇ ಪಾವತಿಸಿ, ಆಸನದ ಮೇಲಿನ ಚಾವಣಿಗೆ ಕಾರ್ಡು ಮುಟ್ಟಿಸಿದರೆ ಅಲ್ಲಿನ ಕೆಂಪು ದೀಪ ಹಸಿರಾಗುತ್ತದೆ; ಆ ಆಸನ ನಿಮ್ಮದಾಯಿತು. ಸೇತುವೆಯ ಕೆಳಗೆ ನೊನೊವಾ ಎಂಬ ಮಳಿಗೆಗಳ ಸಮುಚ್ಚಯವಿದೆ, ಹೊರಗೆ ಬಸ್ಸುಗಳಿವೆ.

ಉತ್ತರ ಬಾಗಿಲಿನಿಂದ ಹೊರಟರೆ ಸ್ವಲ್ಪ ದೂರದಲ್ಲೇ ಕೊಕುಬುಂಜಿ ನಗರಕ್ಕೆ ಸೇರಿದ ಹಿಕಾರಿ-ಚೊ ಸಿಗುತ್ತದೆ. ಷಿಂಕಾನ್ಸೆನ್ ಬುಲೆಟ್ ರೈಲಿನ ಸಂಶೋಧನೆ ನಡೆದ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ ಇರುವುದು ಇಲ್ಲಿಯೇ. ಬಡಾವಣೆಗೆ ಹಿಕಾರಿ ಎಂಬ ಹೆಸರು ಬಂದದ್ದೂ ‘ಹಿಕಾರಿ’ ಎಂಬ ಷಿಂಕಾನ್ಸೆನ್ ರೈಲಿನಿಂದಲೇ. 1972ರಲ್ಲಿ ಗಂಟೆಗೆ 286 ಕಿಲೋಮೀಟರ್ ವೇಗ ಮುಟ್ಟಿದ 951 ಮಾದರಿಯ ಪರೀಕ್ಷಾ ಬೋಗಿಯನ್ನು ಅಲ್ಲಿನ ಹಿಕಾರಿ ಪ್ಲಾಜಾದಲ್ಲಿ ನಿಲ್ಲಿಸಿದ್ದಾರೆ. ರೈಲಿನ ಮೇಲೆ ಪ್ರೀತಿಯಿರುವವರು ದಯವಿಟ್ಟು ಇದನ್ನು ತಪ್ಪಿಸಿಕೊಳ್ಳಬೇಡಿ.

(ದೃಶ್ಯ: ಸಂಜೆ. ಕೆಲಸ ಮುಗಿಸಿದವರು ಹೊಸ ನಿಲ್ದಾಣದಿಂದ ಹೊರಬರುತ್ತಿದ್ದಾರೆ.)

ಸಂಜೆ ಮನೆಗೆ ಮರಳುವವರು ಸುಯಿಕಾ ಕಾರ್ಡನ್ನು ಮುಟ್ಟಿಸುವುದು ಈಗ ಸೇತುವೆಯ ಕೆಳಗಿನ ಹೊಸ ಗೇಟುಗಳಲ್ಲಿ. ಹಳೆಯ ಕಟ್ಟಡದಲ್ಲಿ ಊರಿನ ಮಾಹಿತಿ, ಒಂದು ಪ್ರದರ್ಶನ ಕೊಠಡಿ ಮತ್ತು ಕೂತು ದಣಿವಾರಿಸಿಕೊಳ್ಳಲು ಜಾಗ ಇವೆ. ಅಲ್ಲಿ ಟಿಕೆಟ್ ಕೇಳುವವರಿಲ್ಲ. ಯಾರು ಬೇಕಾದರೂ ಒಳಗೆ ಬಂದು, ಹಳಿಯ ಕಂಬಗಳ ನಡುವೆ ನಡೆದು, ದೈಗಾಕು-ದೋರಿಯ ಮರಗಳ ಕಡೆಗೆ ಹೊರಟುಹೋಗಬಹುದು.