ಮೈಟೋಕಾಂಡ್ರಿಯದ ಹೊರಪೊರೆ: ಬದುಕಿಗೂ ಸಾವಿಗೂ ಅಲ್ಲೇ ದಾರಿ

ಕೇಳುಗರಿಗೆ ನಮಸ್ಕಾರ.

ನಮ್ಮ ದೇಹ ಒಂದು ದಿನದಲ್ಲಿ ಬಳಸುವ ಎಟಿಪಿಯ ತೂಕ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟೇ ಆಗುತ್ತದೆ ಎಂಬುದು ವಿಜ್ಞಾನಿಗಳ ಅಂದಾಜು. ಎಟಿಪಿ ಅಂದರೆ ಜೀವಕೋಶಗಳು ಶಕ್ತಿಗಾಗಿ ಖರ್ಚು ಮಾಡುವ ಪುಟ್ಟ ಅಣು. ಅಷ್ಟೊಂದು ಎಟಿಪಿ ಮೈಯಲ್ಲಿ ಒಮ್ಮೆಗೇ ಇರುವುದಿಲ್ಲ. ಖರ್ಚಾದದ್ದೇ ಮತ್ತೆ ಮತ್ತೆ ಎಟಿಪಿ ಆಗುತ್ತದೆ. ಅದರಲ್ಲಿ ಬಹುಪಾಲು ತಯಾರಾಗುವುದು ಜೀವಕೋಶದೊಳಗಿರುವ ಮೈಟೋಕಾಂಡ್ರಿಯ ಎಂಬ ಪುಟ್ಟ ಭಾಗದ ಒಳಗೆ, ಖರ್ಚಾಗುವುದು ಅದರ ಹೊರಗೆ. ಹಾಗಾದರೆ ಅದು ಹೊರಗೆ ಬರುವುದು ಹೇಗೆ? ನನ್ನ ಇವತ್ತಿನ ಮಾತು ಆ ದಾರಿಯ ಬಗ್ಗೆ.

ಮೈಟೋಕಾಂಡ್ರಿಯಕ್ಕೆ ಎರಡು ಪೊರೆಗಳಿವೆ. ಕೋಶದ ಉಸಿರಾಟದ, ಅಂದರೆ ಆಹಾರದಿಂದ ಶಕ್ತಿ ತೆಗೆಯುವ ಕೆಲಸದ, ಕೊನೆಯ ಹಂತಗಳೆಲ್ಲ ನಡೆಯುವುದು ಒಳಪೊರೆಯಲ್ಲಿ. ಹಾಗಾಗಿ ಪಾಠಗಳಲ್ಲಿ ಅದಕ್ಕೇ ಜಾಸ್ತಿ ಜಾಗ. ಹೊರಪೊರೆಯನ್ನು ಬಹಳ ಕಾಲ ಬರೀ ಜರಡಿ ಎಂದುಕೊಂಡಿದ್ದರು. ಸಣ್ಣದೆಲ್ಲ ದಾಟುತ್ತದೆ, ದೊಡ್ಡದು ನಿಲ್ಲುತ್ತದೆ, ಅಷ್ಟೇ ಅಂತ.

1976ರಲ್ಲಿ ಶೈನ್, ಕೊಲಂಬಿನಿ ಮತ್ತು ಫಿಂಕೆಲ್‌ಸ್ಟೈನ್ ಎಂಬ ಮೂವರು ವಿಜ್ಞಾನಿಗಳು ಬೇರೆಯದೇ ಸುದ್ದಿ ತಂದರು. ಅವರು ನೋಡಿದ್ದು ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಮೈಟೋಕಾಂಡ್ರಿಯ. ಅದರಿಂದ ತೆಗೆದ ಪ್ರೋಟೀನನ್ನು ಕೃತಕ ಪೊರೆಯಲ್ಲಿ ಕೂರಿಸಿದಾಗ ಅದು ದಾರಿ ಬಿಟ್ಟಿತು. ವಿದ್ಯುತ್ ಒತ್ತಡ ಹೆಚ್ಚಿಸಿದಾಗ ಆ ದಾರಿ ಕಿರಿದಾಯಿತು! ಈ ಪ್ರೋಟೀನಿಗೆ ಇವತ್ತು ವಿಡ್ಯಾಕ್ ಎಂಬ ಹೆಸರಿದೆ. ಕಿರಿದಾದಾಗಲೂ ಅದು ಪೂರ್ತಿ ಮುಚ್ಚುವುದಿಲ್ಲ. ಸಣ್ಣ ಅಯಾನುಗಳು ಆಗಲೂ ದಾಟುತ್ತವೆ, ಆದರೆ ಎಟಿಪಿಯಂಥ ಅಣು ಸಲೀಸಾಗಿ ದಾಟಲಾರದು. ಹೊರಪೊರೆ ಬರೀ ಜರಡಿ ಅಲ್ಲ ಎಂದು ನನಗೆ ಮನದಟ್ಟಾದದ್ದು ಈ ಒಂದು ಸಂಗತಿಯಿಂದ.

ಮನುಷ್ಯರಲ್ಲಿ ವಿಡ್ಯಾಕ್ ಮೂರು ಬಗೆ. ಮೊದಲನೆಯದರ ಆಕಾರ ಸ್ಪಷ್ಟವಾಗಿ ಕಂಡದ್ದು 2008ರಲ್ಲಿ, ಒಂದೇ ವರ್ಷ ಮೂರು ತಂಡಗಳಿಗೆ. ಪ್ರೋಟೀನಿನ 19 ಎಳೆಗಳು ಪಕ್ಕಪಕ್ಕ ನಿಂತು ಕೊಳವೆಯಾಗಿವೆ. ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಇಂಥ ಕೊಳವೆಗಳಲ್ಲಿ ಎಳೆಗಳು ಸಾಮಾನ್ಯವಾಗಿ ಸಮಸಂಖ್ಯೆಯಲ್ಲಿರುತ್ತವೆ. ಇಲ್ಲಿ ಬೆಸ! ಹಾಗಾಗಿ ಶುರುವಿನಲ್ಲಿ ಕೆಲವು ವಿಜ್ಞಾನಿಗಳು ಇದನ್ನು ಒಪ್ಪಿರಲೇ ಇಲ್ಲ.

ಈ ದಾರಿಗೂ ಕಾಯಿಲೆಗೂ ಏನು ಸಂಬಂಧ? ಹೆಕ್ಸೋಕೈನೇಸ್ ಎಂಬ ಕಿಣ್ವ ಸಕ್ಕರೆಯನ್ನು ಒಡೆಯುವ ಕೆಲಸದ ಮೊದಲ ಹೆಜ್ಜೆ ಇಡುತ್ತದೆ. ಅದಕ್ಕೆ ಎಟಿಪಿ ಬೇಕೇ ಬೇಕು. ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಈ ಕಿಣ್ವ ವಿಪರೀತ ಹೆಚ್ಚಿರುತ್ತದೆ. ಅದು ವಿಡ್ಯಾಕ್ ಇರುವಲ್ಲೇ ಹೋಗಿ ಅಂಟಿಕೊಳ್ಳುತ್ತದೆ, ಹೊರಗೆ ಬರುವ ಎಟಿಪಿಯನ್ನು ಅಲ್ಲೇ ಬಳಸುತ್ತದೆ. ಅದು ಹಾಗೆ ಅಂಟಿಕೊಂಡಿದ್ದರೆ ಕೋಶ ಸುಲಭವಾಗಿ ಸಾಯುವುದೂ ಇಲ್ಲ.

ಕೋಶ ಸಾಯುವುದು ಯಾವಾಗಲೂ ಕೆಟ್ಟದ್ದಲ್ಲ. ಹಳೆಯ, ಕೆಟ್ಟುಹೋದ ಕೋಶಗಳು ತಾವಾಗಿಯೇ ಸಾಯಬೇಕು, ಇಲ್ಲವಾದರೆ ಗಡ್ಡೆಗಳಾಗುತ್ತವೆ. ಆ ಸಾವಿನ ತೀರ್ಮಾನವೂ ಹೆಚ್ಚಾಗಿ ಆಗುವುದು ಇದೇ ಹೊರಪೊರೆಯಲ್ಲಿ. ಬ್ಯಾಕ್ಸ್ ಮತ್ತು ಬ್ಯಾಕ್ ಎಂಬ ಎರಡು ಪ್ರೋಟೀನುಗಳಿವೆ. ಕೋಶಕ್ಕೆ ಸರಿಪಡಿಸಲಾಗದಷ್ಟು ಹಾನಿಯಾದಾಗ ಇವು ಗುಂಪುಗೂಡಿ ಹೊರಪೊರೆಯಲ್ಲಿ ದೊಡ್ಡ ರಂಧ್ರ ಮಾಡುತ್ತವೆ. ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಅಲ್ಲಿಂದ ಹೊರಗೆ ಸೋರುತ್ತದೆ. ಒಳಗಿದ್ದಾಗ ಕೋಶವನ್ನು ಬದುಕಿಸುತ್ತಿದ್ದ ಪ್ರೋಟೀನು ಹೊರಗೆ ಬಂದೊಡನೆ ಸಾವಿನ ಸರಪಳಿ ಶುರುಮಾಡುತ್ತದೆ. ಜೀವಶಾಸ್ತ್ರದಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ ಸಂಗತಿಗಳು ಕಡಿಮೆ.

ಬ್ಯಾಕ್ಸ್, ಬ್ಯಾಕ್‌ಗಳನ್ನು ತಡೆಯುವ ಪ್ರೋಟೀನೂ ಇದೆ. ಅದರ ಹೆಸರು ಬಿಸಿಎಲ್-2. ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರಿನಲ್ಲಿ 14 ಮತ್ತು 18ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿರುತ್ತವೆ. ಬಿಸಿಎಲ್-2 ಪ್ರೋಟೀನನ್ನು ಮಾಡಿಸುವ ಜೀನ್ ಸಿಕ್ಕಿದ್ದು ಅಲ್ಲಿ. ಕ್ಯಾನ್ಸರ್ ಜೀನ್ ಅಂದಮೇಲೆ ಕೋಶಗಳನ್ನು ಬೇಗ ಬೇಗ ಹೆಚ್ಚಿಸುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? 1988ರಲ್ಲಿ ಮೆಲ್ಬರ್ನ್‌ನ ಡೇವಿಡ್ ವಾಕ್ಸ್, ಸುಝಾನ್ ಕೋರಿ ಮತ್ತು ಜೆರ್ರಿ ಆಡಮ್ಸ್ ಹಾಗಲ್ಲ ಎಂದು ತೋರಿಸಿದರು. ಬಿಸಿಎಲ್-2 ಕೋಶಗಳನ್ನು ಹೆಚ್ಚಿಸುವುದಿಲ್ಲ, ಸಾಯಬೇಕಾದವನ್ನು ಸಾಯಲು ಬಿಡುವುದಿಲ್ಲ.

ಲೂಪಸ್ ಕಾಯಿಲೆಯ ಬಗ್ಗೆಯೂ ಇಲ್ಲಿ ಎರಡು ಮಾತು ಹೇಳಬೇಕು. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ನಮ್ಮ ದೇಹದ ಮೇಲೆಯೇ ತಿರುಗಿಬೀಳುತ್ತದೆ. ಒತ್ತಡಕ್ಕೆ ಸಿಕ್ಕ ಮೈಟೋಕಾಂಡ್ರಿಯದಲ್ಲಿ ಹಲವು ವಿಡ್ಯಾಕ್‌ಗಳು ಸೇರಿ ಅಗಲವಾದ ದಾರಿ ಮಾಡುತ್ತವೆ, ಮೈಟೋಕಾಂಡ್ರಿಯದ ಡಿಎನ್‌ಎ ಚೂರುಗಳು ಅಲ್ಲಿಂದ ಹೊರಬೀಳುತ್ತವೆ ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಆ ಚೂರುಗಳನ್ನು ಕಂಡ ಕೋಶ ಸೋಂಕು ತಗುಲಿದೆ ಎಂಬಂತೆ ಉರಿಯೂತ ಎಬ್ಬಿಸುತ್ತದೆ. ವಿಡ್ಯಾಕ್‌ಗಳು ಗುಂಪುಗೂಡುವುದನ್ನು ತಡೆಯುವ ಒಂದು ಅಣುವನ್ನು ಕೊಟ್ಟಾಗ ಲೂಪಸ್ ಇರುವ ಇಲಿಗಳಲ್ಲಿ ಕಾಯಿಲೆ ತಗ್ಗಿತು. ನೆನಪಿರಲಿ, ಇದು ಇಲಿಗಳಲ್ಲಿ ಕಂಡ ಫಲ. ಮೈಟೋಕಾಂಡ್ರಿಯಕ್ಕೆ ಬಲ ಕೊಡುತ್ತೇವೆ ಎಂದು ಜಾಹೀರಾತು ಹಾಕಿ ಮಾರುವ ಮಾತ್ರೆಗಳಿಗೂ ಈ ಸಂಶೋಧನೆಗೂ ಸಂಬಂಧವಿಲ್ಲ. ಕಾಯಿಲೆಯವರ ಮನೆಯವರು ಅವಕ್ಕೆ ಸುಮ್ನೆ ದುಡ್ಡು ಸುರಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಆದರೆ ಬಿಸಿಎಲ್-2 ವಿಷಯದಲ್ಲಿ ನಿಜವಾದ ಔಷಧಿಯೇ ಬಂದಿದೆ. ಅದರ ಹೆಸರು ವೆನೆಟೊಕ್ಲಾಕ್ಸ್. 2016ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ದೀರ್ಘಕಾಲದ ರಕ್ತದ ಕ್ಯಾನ್ಸರಿಗೆ ಮೊದಲ ಒಪ್ಪಿಗೆ ಸಿಕ್ಕಿತು. ಇದು ಬಿಸಿಎಲ್-2ರ ಹಿಡಿತ ಬಿಡಿಸುತ್ತದೆ. ಆಗ ಬ್ಯಾಕ್ಸ್, ಬ್ಯಾಕ್‌ಗಳು ಹೊರಪೊರೆಯಲ್ಲಿ ರಂಧ್ರ ಮಾಡುತ್ತವೆ, ಕ್ಯಾನ್ಸರ್ ಕೋಶ ಸಾಯುತ್ತದೆ. ಕೆಲವರಲ್ಲಿ ಎಷ್ಟು ಕೋಶಗಳು ಒಟ್ಟಿಗೇ ಸಾಯುತ್ತವೆ ಅಂದರೆ, ಅವುಗಳಿಂದ ರಕ್ತಕ್ಕೆ ಬೀಳುವ ಪೊಟ್ಯಾಸಿಯಂ, ಯೂರಿಕ್ ಆಮ್ಲಗಳಿಂದಲೇ ಮೂತ್ರಪಿಂಡಕ್ಕೂ ಹೃದಯಕ್ಕೂ ಅಪಾಯ ಬರಬಹುದು. ಅದಕ್ಕೇ ಈ ರೋಗಿಗಳಿಗೆ ಮೊದಲ ವಾರ ದಿನಕ್ಕೆ 20 ಮಿಲಿಗ್ರಾಂ ಮಾತ್ರ ಕೊಡುತ್ತಾರೆ. ವಾರವಾರ ಏರಿಸುತ್ತಾ ಐದನೇ ವಾರಕ್ಕೆ 400 ಮಿಲಿಗ್ರಾಂ ಮುಟ್ಟಿಸುತ್ತಾರೆ. ಆ ದಿನಗಳಲ್ಲಿ ಚೆನ್ನಾಗಿ ನೀರು ಕುಡಿಯಿರಿ, ಹೇಳಿದ ದಿನವೇ ರಕ್ತಪರೀಕ್ಷೆಗೆ ಬನ್ನಿ ಎಂದು ವೈದ್ಯರು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ನಮಸ್ಕಾರ.